ಹೊಳೆಯ ಮೀನುಗಳು ಏನಾದವು?

ನನ್ನ ಅಪ್ಪ, ಎಲ್ಯಾದ ಎಂಬುವನು, ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಮುಂದಿನದನ್ನು ಕೇಳಿದ ಮೇಲೆ ನೀವು ಅವನನ್ನೂ ಬೈಯುತ್ತೀರಿ, ನನ್ನನ್ನೂ ಬೈಯುತ್ತೀರಿ. ಬೈಯಿರಿ. ನನ್ನ ಪಾಲಿನ ಬೈಗುಳವನ್ನು ನಾನೇ ದಿನವೂ ಬೈದುಕೊಳ್ಳುತ್ತಿದ್ದೇನೆ.

ನಮ್ಮ ಗಿಲ್ಗಾಲಿನ ಬಯಲಲ್ಲಿ ಹನ್ನೆರಡು ಕಲ್ಲುಗಳಿವೆ. ನಮ್ಮವರು ಯೊರ್ದನ್ ದಾಟಿ ಈ ನಾಡಿಗೆ ಬಂದ ದಿನ, ತುಂಬಿ ಹರಿಯುತ್ತಿದ್ದ ಹೊಳೆ ನಿಂತುಹೋಯಿತು. ಜನವೆಲ್ಲ ಒಣನೆಲದ ಮೇಲೆ ನಡೆದು ಬಂದರು. ಕುಲಕ್ಕೊಬ್ಬನಂತೆ ಹನ್ನೆರಡು ಗಂಡಸರು ಹೊಳೆಯ ನಡುವಿನಿಂದ ಒಂದೊಂದು ಕಲ್ಲು ಹೊತ್ತು ತಂದರು. ನಮ್ಮ ಬೆನ್ಯಾಮೀನ್ ಕುಲದ ಕಲ್ಲನ್ನು ಹೊತ್ತವನು ನನ್ನ ತಾತ. ಅಪ್ಪನಿಗೆ ಆಗ ಏಳು ವರ್ಷ. ತನ್ನಪ್ಪನ ಅಂಗಿಯ ಚುಂಗು ಹಿಡಿದುಕೊಂಡು ಹಿಂದೆಯೇ ನಡೆದಿದ್ದ. ಇಷ್ಟು ಮಾತ್ರ ಅವರಿವರ ಬಾಯಿಂದ ನನಗೆ ಗೊತ್ತು. ಕಣ್ಣಾರೆ ಕಂಡವರು ಒಬ್ಬೊಬ್ಬರಾಗಿ ಮಣ್ಣು ಸೇರಿ, ಕೊನೆಗೆ ಊರಿನಲ್ಲಿ ಉಳಿದವನು ಅಪ್ಪ ಒಬ್ಬನೇ.

ಕಲ್ಲುಗಳನ್ನು ನಿಲ್ಲಿಸಿದ ದಿನ, ನಮ್ಮವರನ್ನು ದಾಟಿಸಿ ತಂದ ನಾಯಕ ಯೆಹೋಶುವ ಒಂದು ಮಾತು ಹೇಳಿದ್ದನಂತೆ: ಮುಂದೆ ಮಕ್ಕಳು ಇವು ಏಕೆ ಎಂದು ಕೇಳುತ್ತಾರೆ, ಆಗ ತಂದೆಯರು ತಿಳಿಸಬೇಕು. ಬೇರೆಯವರು ಇದನ್ನು ಸುಲಭವಾಗಿ ತೆಗೆದುಕೊಂಡರು. ಕಣದಲ್ಲಿ, ಬಾವಿಕಟ್ಟೆಯಲ್ಲಿ, ದ್ರಾಕ್ಷಾರಸ ಹೆಚ್ಚಾದಾಗ ಕಂಡಕಂಡವರಿಗೆ ಹೇಳಿದರು, ಕೇಳಿದವರು ನಕ್ಕು ಬಿಟ್ಟರು. ಅಪ್ಪನಿಗೆ ಮಾತ್ರ ಅದು ಕಟ್ಟಳೆ. ಕೇಳಬೇಕಾದವನು ಮಗ, ಹೇಳಬೇಕಾದವನು ಅಪ್ಪ. ಅದೂ ಮಗ ತಾನಾಗಿಯೇ ಕೇಳಬೇಕು. ಕೇಳದೆ ಹೇಳಿದರೆ ಅದು ಹರಟೆ ಎನ್ನುತ್ತಿದ್ದ.

ಎಲ್ಲದರಲ್ಲೂ ಅವನು ಹೀಗೆಯೇ. ಬಡವರಿಗಾಗಿ ಹೊಲದ ಮೂಲೆ ಬಿಡಬೇಕೆಂದರೆ, ನಮಗೇ ಹಿಟ್ಟಿಲ್ಲದ ವರ್ಷವೂ ಹೆಜ್ಜೆ ಅಳೆದು ಬಿಟ್ಟ. ಏಳನೆಯ ದಿನ ಬೆಂಕಿ ಹಚ್ಚಬಾರದೆಂದರೆ, ಅಮ್ಮ ಚಳಿಜ್ವರದಲ್ಲಿ ನಡುಗುತ್ತಿದ್ದರೂ ಹಚ್ಚಲಿಲ್ಲ. ತನ್ನ ಕಂಬಳಿಯನ್ನೂ ಅವಳ ಮೇಲೆ ಹೊದಿಸಿ ತಾನು ಬರಿಮೈಯಲ್ಲಿ ಕುಳಿತ. ಅಂಥವನನ್ನು ಕೆಟ್ಟವನು ಎನ್ನಲಾಗುತ್ತದೆಯೇ? ಅಂಥವನ ಜೊತೆ ಬಾಳಲಾಗುತ್ತದೆಯೇ?

ನನಗೆ ಒಂಬತ್ತು ತುಂಬಿದ ವರ್ಷ, ಆಡುಗಳನ್ನು ಹೊಡೆದುಕೊಂಡು ಅಪ್ಪನೂ ನಾನೂ ಕಲ್ಲುಗಳ ಪಕ್ಕದಲ್ಲಿ ಬರುತ್ತಿದ್ದೆವು.

"ಅಪ್ಪಾ, ಈ ಕಲ್ಲೆಲ್ಲ ಯಾಕಿಲ್ಲಿ? ಹೊಳೆ ನಿಂತ್ರೆ ಮೀನೆಲ್ಲ ಏನಾದ್ವು?"

ಅಪ್ಪನ ಮುಖ ಹಾಗೆ ಅರಳಿದ್ದನ್ನು ನಾನು ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. "ಮೀನಾ? ಅಯ್ಯೋ ಕೂಸೇ, ಆ ಮೀನುಗಳು..." ಎಂದು ನಗುತ್ತ ಎರಡೂ ಕೈ ಅಗಲಿಸಿದ. ಅಗಲಿಸಿದ ಕೈ ಹಾಗೆಯೇ ಕೆಳಗಿಳಿಯಿತು.

"ನೀನಲ್ಲ ಕಣೇ ಕೇಳ್ಬೇಕಾದ್ದು. ಯಾಮೀನ ಕೇಳ್ಲಿ. ಅವತ್ತು ನೀನೂ ಬಂದು ಪಕ್ಕದಲ್ಲಿ ಕೂತ್ಕೋ."

"ಮನಸ್ಸೆ ಕುಲದ ಐದು ಜನ ಅಕ್ಕತಂಗೀರು ಬಾಯಿಬಿಟ್ಟು ಕೇಳಿದ್ದಕ್ಕೆ ಅವರಪ್ಪನ ಹೊಲಾನೇ ಸಿಕ್ತಂತೆ. ನಂಗೆ ಒಂದು ಕಥೆ ಸಿಗಲ್ವಾ?"

"ಬಾಯಿ ಜೋರಾಯ್ತು ನಿಂದು. ನಡಿ, ಆಡು ಹೊಲಕ್ಕೆ ನುಗ್ತಿದೆ."

ಯಾಮೀನ ನನ್ನ ತಮ್ಮ. ಅವನಿಗೆ ಎಂಟಾದಾಗ ಪಸ್ಕ ಹಬ್ಬದ ಮಾರನೆಯ ದಿನ ಅಪ್ಪ ಅವನನ್ನು ಕಲ್ಲುಗಳ ಬಳಿ ಕರೆದೊಯ್ದು ಕೂರಿಸಿದ. ಮಾತಿಲ್ಲ ಕತೆಯಿಲ್ಲ, ಮಗನ ಮುಖವನ್ನೇ ನೋಡುತ್ತ ಕುಳಿತ. ಬಿಸಿಲೇರಿತು. ಯಾಮೀನ ಕೊನೆಗೆ ಬಾಯಿ ತೆರೆದ: "ಅಪ್ಪಾ, ಮನೆಗೆ ಯಾವಾಗ ಹೋಗೋದು? ಹೊಟ್ಟೆ ಹಸೀತಿದೆ." ಅಪ್ಪ ಕೆನ್ನೆಗೆ ಬಾರಿಸಿದ. ಏಕೆ ಹೊಡೆದ ಎಂದು ಹೇಳಲಿಲ್ಲ. ಹೇಳಿದ್ದರೆ ಅದು ಹೇಳಿಕೊಟ್ಟ ಹಾಗಾಗುತ್ತಿತ್ತಲ್ಲ!

ನಾನು ತಮ್ಮನ ಕಾಲು ಹಿಡಿದೆ. "ನಿನ್ನ ದಮ್ಮಯ್ಯ ಕಣೋ, ಒಂದ್ಸಲ ಕೇಳು. ಈ ಕಲ್ಲು ಯಾಕೆ ಅಂತ ಕೇಳು, ಅಷ್ಟೇ."

"ಹೋಗಕ್ಕಾ! ನೀನು ಹೇಳಿಕೊಟ್ಟಿದ್ದು ಅಂತ ಗೊತ್ತಾದ್ರೆ ಇನ್ನೊಂದು ಕೆನ್ನೆಗೂ ಬೀಳುತ್ತೆ."

ಅವನು ಕೇಳಲೇ ಇಲ್ಲ. ದೊಡ್ಡವನಾದ, ಬೇರೆ ದೇವರನ್ನು ಪೂಜಿಸುವ ಕಾನಾನ್ಯರ ಕುಂಬಾರ ಅಬ್ದಿಯ ಮಗಳನ್ನು ಮದುವೆಯಾದ. ಅಪ್ಪ ಮೂರು ದಿನ ಅನ್ನನೀರು ಮುಟ್ಟಲಿಲ್ಲ. ಅಷ್ಟರಲ್ಲಿ ನಾನು ಮದುವೆಯಾಗಿ ಹೋಗಿ, ಮೋವಾಬ್ಯರ ದಾಳಿಯಲ್ಲಿ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದವಳಾಗಿ ಅಪ್ಪನ ಮನೆಗೇ ಬಂದಿದ್ದೆ. ಅವನು ಮಾತಾಡುತ್ತಿರಲಿಲ್ಲ, ನಾನು ಕೇಳುತ್ತಿರಲಿಲ್ಲ. ಅವನ ಹಠ ಅವನಿಗೆ, ನನ್ನ ಹಠ ನನಗೆ.

ಆಮೇಲೆ ಯಾಮೀನನಿಗೆ ಗೇರ ಹುಟ್ಟಿದ. ಅಬ್ಬಬ್ಬಾ, ಎಂಥ ಹುಡುಗ! ಕಣ್ಣು ಬಿಟ್ಟರೆ ಪ್ರಶ್ನೆ. "ತಾತ, ಆಡಿಗೆ ಗಡ್ಡ ಯಾಕಿದೆ? ಅತ್ತೆಗೆ ಯಾಕಿಲ್ಲ?" ಅಪ್ಪನ ಬೆನ್ನು ನೆಟ್ಟಗಾಯಿತು. ಮಗ ಹೋದರೆ ಹೋಗಲಿ, ಮೊಮ್ಮಗ ಕೇಳುತ್ತಾನೆ ಎಂಬ ಆಸೆ ಅವನ ಮುಖದಲ್ಲೇ ಕಾಣುತ್ತಿತ್ತು.

ಹುಡುಗನಿಗೆ ಆರು ತುಂಬಿದ ಮೇಲೆ ಅಪ್ಪ ಅವನನ್ನು ದಿನವೂ ಬಯಲಿಗೆ ಕರೆದೊಯ್ದ. ಕಲ್ಲಿಗೆ ಒರಗಿ ಕೂರುವನು. ಕೋಲಿನಿಂದ ಕುಟ್ಟುವನು. ಕೆಮ್ಮುವನು. "ಅಬ್ಬಾ, ಎಂಥಾ ಭಾರದ ಕಲ್ಲಪ್ಪಾ!" ಎಂದು ಗಾಳಿಗೆ ಹೇಳುವನು. ಹುಡುಗ ಅತ್ತ ತಿರುಗಿಯೂ ನೋಡದೆ, "ತಾತ, ಇರುವೆ ನಿದ್ದೆ ಮಾಡುತ್ತಾ?" ಎನ್ನುವನು. ದೂರದಲ್ಲಿ ಸೆಣಬಿನ ಕಂತೆ ಒಣಹಾಕುತ್ತಿದ್ದ ನಾನು ಮೊದಮೊದಲು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಬರುಬರುತ್ತ ನೋಡಲಾಗಲಿಲ್ಲ.

"ಅಪ್ಪಾ, ಅವನು ಕೇಳ್ಲಿ ಬಿಡ್ಲಿ, ಹೇಳಿಬಿಡು. ನಿನ್ನ ಜೊತೇಲೇ ಮಣ್ಣಿಗೆ ಹೋಗುತ್ತೆ ಅದು."

"ಕೇಳ್ತಾನೆ. ಇರುವೆ ವಿಷಯ ಕೇಳೋನು ಕಲ್ಲಿನ ವಿಷಯ ಕೇಳ್ದೆ ಇರ್ತಾನಾ?"

ಬಾರ್ಲಿ ಕೊಯ್ಲು ಶುರುವಾಗುವ ಮುಂಚಿನ ಒಂದು ಬೆಳಿಗ್ಗೆ, ಗೇರ ಪುಟ್ಟ ಕುಡಿಕೆಯೊಂದನ್ನು ಹಿಡಿದು ಬಂದ. ಮೂರನೆಯ ಕಲ್ಲಿನ ನೆತ್ತಿಯ ಮೇಲೆ ಹಾಲು ಸುರಿದ.

"ಏನೋ ಅದು?" ಎಂದ ಅಪ್ಪ.

"ಹಾಲು, ತಾತ. ಮಳೆಗೆ."

"ಯಾರೋ ಹೇಳಿದ್ದು?"

"ಮಡಿಕೆ ತಾತ." ಅವನ ತಾಯಿಯ ತಂದೆ, ಆ ಅಬ್ದಿ. "ಹನ್ನೆರಡು ತಿಂಗಳಿಗೆ ಹನ್ನೆರಡು ಕಲ್ಲಂತೆ. ಮಳೆ ಕೊಡೋ ಬಾಳ್ ದೇವರದಂತೆ. ಈ ಕಲ್ಲು ಯಾಕೆ ಅಂತ ನಾನೇ ಕೇಳ್ದೆ, ಅದಕ್ಕೆ ಹೇಳಿದ್ರು."

"ಯಾವಾಗ ಕೇಳಿದ್ದು?"

"ಆವಾಗ್ಲೇ. ನಾನು ಚಿಕ್ಕೋನಿದ್ದಾಗ."

"ನನ್ನ ಯಾಕೋ ಕೇಳ್ಲಿಲ್ಲ?"

"ಗೊತ್ತಿತ್ತಲ್ಲ ತಾತ. ಗೊತ್ತಿರೋದನ್ನ ಯಾರಾದ್ರೂ ಕೇಳ್ತಾರಾ?"

ಅಪ್ಪ ತನ್ನ ಜೀವಮಾನದಲ್ಲಿ ಮೊದಲ ಸಲ ಕಟ್ಟಳೆ ಮುರಿದ. ಹುಡುಗನ ತೋಳು ಹಿಡಿದು, "ಅಲ್ಲ ಕಣೋ, ಸುಳ್ಳು ಅದು! ಇದು ಹೊಳೇ ಕಲ್ಲು. ಯೆಹೋವ ಹೊಳೇನ ನಿಲ್ಲಿಸಿದ್ದ, ನಾನು ನೋಡಿದೀನಿ..." ಎಂದ. ಗೇರ ಕಿಲಕಿಲ ನಕ್ಕ. "ತಾತ ಬುರುಡೆ ಬಿಡ್ತಾರೆ! ಹೊಳೆ ಎಲ್ಲಾದ್ರೂ ನಿಲ್ಲುತ್ತಾ?" ಎಂದು ಕೊಸರಿಕೊಂಡು ಕುಡಿಕೆ ಸಮೇತ ಓಡಿದ.

ಅಪ್ಪ ಮನೆಗೆ ಬಂದವನೇ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಹಾಸಿಗೆ ಹಿಡಿದವನು ಏಳಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ನಾನು ಕುಡುಗೋಲು ತೆಗೆದುಕೊಂಡು ಹೊರಟಿದ್ದಾಗ ಕರೆದ.

"ಹೆಲಾ, ಬಾ. ಇಲ್ಲಿ ಕೂತ್ಕೋ."

"ಬಾರ್ಲಿ ಉದುರ್ತಿದೆ ಅಪ್ಪ."

"ಒಂದು ಗಳಿಗೆ ಅಷ್ಟೇ. ನೀನು ಚಿಕ್ಕೋಳಿದ್ದಾಗ... ಮೀನಿನ ವಿಷಯ ಏನೋ ಕೇಳಿದ್ಯಲ್ಲ?"

ನನಗೆ ಅರ್ಥವಾಗದೆ ಇರಲಿಲ್ಲ. ಪೂರ್ತಿ ಅರ್ಥವಾಯಿತು. ಕೇಳದೆ ಹೇಳಲು ಅವನ ನಾಲಗೆ ಇನ್ನೂ ಒಪ್ಪುತ್ತಿಲ್ಲ. ಆದರೆ ಹೆಣ್ಣುಮಗಳಾದ ನನ್ನ ಬಳಿ ಒಂದು ಪ್ರಶ್ನೆಯನ್ನು ಭಿಕ್ಷೆ ಬೇಡುವಷ್ಟು ಸೋತಿದ್ದಾನೆ. ನಾನು ಅಂದೇ ಅವನ ಪಾದ ಹಿಡಿದು ಕೇಳಬೇಕಿತ್ತು. ಆದರೆ ಒಂಬತ್ತನೆಯ ವಯಸ್ಸಿನಿಂದ ಒಳಗೆ ಕುಳಿತಿದ್ದ ಸಿಟ್ಟು ಎದ್ದು ಬಂತು.

"ನೆನಪಿಲ್ಲಪ್ಪ," ಎಂದೆ.

"ಏನೂ ಕೇಳೋದಿಲ್ವಾ?"

"ಗಂಜಿ ಕುಡೀತೀಯಾ ಅಂತ ಕೇಳ್ಬಹುದು."

ಅವನು ನನ್ನನ್ನು ನೋಡಿದ. ನಾನು ಹೊರಟುಬಿಟ್ಟೆ. ನಾನು ಇಷ್ಟು ವರ್ಷ ಕಾದೆ, ಅವನು ಸಂಜೆಯವರೆಗೆ ಕಾಯಲಿ ಎಂದುಕೊಂಡೆ. ಕೊಯ್ಯುತ್ತ ಕೊಯ್ಯುತ್ತ ಸಂಜೆ ಕೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮೀನುಗಳು ಏನಾದವು? ಹನ್ನೆರಡರಲ್ಲಿ ನಮ್ಮ ತಾತ ಹೊತ್ತ ಕಲ್ಲು ಯಾವುದು? ಹೊಳೆಯ ತಳದ ಮರಳು ಕಾಲಿಗೆ ತಣ್ಣಗಿತ್ತಾ, ಬಿಸಿಯಾಗಿತ್ತಾ? ನಿನಗೆ ಭಯ ಆಯಿತಾ ಅಪ್ಪಾ? ನಡುಹಗಲಿಗೆ ಯಾಮೀನನ ಹೆಂಡತಿ ಅಳುತ್ತ ಹೊಲಕ್ಕೆ ಬಂದಳು. ನಾನು ಓಡಿ ತಲುಪುವಷ್ಟರಲ್ಲಿ ಯಾರೋ ಅವನ ಕಣ್ಣು ಮುಚ್ಚಿಸಿ ಗಲ್ಲ ಕಟ್ಟಿದ್ದರು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಇದಾಗಿ ಮೂವತ್ತು ವರ್ಷ. ಯಾಮೀನನೂ ಇಲ್ಲ. ಈಗ ಮೊದಲ ಮಳೆಗೆ ಮುಂಚೆ ಊರಿಗೆ ಊರೇ ಬಂದು ಕಲ್ಲುಗಳಿಗೆ ಎಣ್ಣೆ ಹಚ್ಚುತ್ತದೆ. ಮುಂದೆ ನಿಂತು ಹಚ್ಚಿಸುವವನು ನಮ್ಮ ಗೇರನೇ. ಒಳ್ಳೆಯ ಹುಡುಗ, ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ. ದೇವರನ್ನು ಮರೆತರು ಎಂದು ಇವರನ್ನು ಹೇಗೆ ಬೈಯಲಿ? ಮರೆಯಬೇಕಾದರೂ ಮೊದಲು ಗೊತ್ತಿರಬೇಕಲ್ಲ. ಆ ಹನ್ನೆರಡರಲ್ಲಿ ನಮ್ಮದು ಯಾವುದೆಂದು ನನಗೇ ಗೊತ್ತಿಲ್ಲ.

ಈ ವರ್ಷ ಗೇರನ ಮಗಳು ನಾರಾ ನನ್ನ ಕೈ ಹಿಡಿದು ಬಂದಿದ್ದಳು. ಐದು ವರ್ಷದ ಕೂಸು. ಎಣ್ಣೆಯ ಕುಡಿಕೆಯನ್ನು ನೆಲಕ್ಕಿಟ್ಟು ಕಲ್ಲನ್ನು ಮುಟ್ಟಿ ನೋಡಿದಳು.

"ಅಜ್ಜಿ, ಈ ಕಲ್ಲೆಲ್ಲ ಯಾಕಿಲ್ಲಿ?"

ನಾನು ಅವಳ ಪಕ್ಕದಲ್ಲಿ ಕುಕ್ಕರಿಸಿದೆ. "ಹೊಳೆಯಿಂದ ತಂದಿದ್ದು ಕೂಸೇ. ನಮ್ಮ ದೇವರು ಹೊಳೇನ ನಿಲ್ಲಿಸಿದ್ದ. ನಮ್ಮವರು ನಡ್ಕೊಂಡೇ ದಾಟಿದ್ರು."

ಅವಳು ನಗಲಿಲ್ಲ. ಯೋಚಿಸಿದಳು. "ಹೊಳೆ ನಿಂತ್ರೆ ಮೀನೆಲ್ಲ ಏನಾದ್ವು?"

"ಗೊತ್ತಿಲ್ಲ."

"ಯಾರಿಗೆ ಗೊತ್ತು?"

"ನಮ್ಮಪ್ಪನಿಗೆ ಗೊತ್ತಿತ್ತು."

"ನೀನು ಕೇಳ್ಲಿಲ್ವಾ?"

"ಕೇಳ್ದೆ, ಅವನು ಹೇಳ್ಲಿಲ್ಲ. ಆಮೇಲೆ ಅವನು ಹೇಳೋಕೆ ಬಂದ, ನಾನು ಕೇಳ್ಲಿಲ್ಲ."

ಅವಳು ನನ್ನ ಬಾಯಿಯನ್ನೇ ನೋಡಿದಳು. ಕುಡಿಕೆ ಎತ್ತಿಕೊಂಡು, "ಇರಲಿ ಬಿಡಜ್ಜಿ, ಅಪ್ಪನ್ನ ಕೇಳ್ತೀನಿ," ಎಂದು ಗೇರ ನಿಂತಿದ್ದ ಕಡೆಗೆ ಓಡಿದಳು.