ಮ್ಯಾನೇಜರ್ ಮಾಡಿಸಿದ ಎರಡು ಪ್ರೊಫೈಲ್

ಗೆಳೆಯರೇ, ಬಾಗಲಕೋಟೆ ಕಡೆಯ ನಮ್ಮ ಮ್ಯಾನೇಜರ್ ಇಂದು ಬೆಳಿಗ್ಗೆ ಪ್ರತಿಯೊಬ್ಬರ ಬೆನ್ನ ಹಿಂದೆ ನಿಂತು ಬ್ರೌಸರ್‌ನಲ್ಲಿ ಎರಡೆರಡು ಪ್ರೊಫೈಲ್ ಮಾಡಿಸಿದರು. "ಆಫೀಸಿಂದು ಬ್ಯಾರೆ, ಮನಿದು ಬ್ಯಾರೆ. ಎರಡೂ ಕಲಸಬ್ಯಾಡ್ರಿ!" ಎಂದು ಅರ್ಧ ಗಂಟೆ ಕೊರೆದರು.

ನಾಳೆ ಮೈಸೂರಿನಲ್ಲಿ ತಂಗಿಯ ನಿಶ್ಚಿತಾರ್ಥ. ರಜೆ ಹಾಕಿ, ಮಧ್ಯಾಹ್ನ ಕಾಚಿಗೂಡ ನಿಲ್ದಾಣದಲ್ಲಿ ರೈಲು ಹತ್ತಿ ಕೂರುವಷ್ಟರಲ್ಲಿ ಅವರದೇ ಫೋನ್.

"ಲ್ಯಾಪ್‌ಟಾಪ್ ನಿಮ್ಮ ಜೋಡಿ ಐತಲ್ರಿ? ನಾಳೆ ಕಾರ್ಯಕ್ರಮದ ನಡುವ ಆ ರಿಪೋರ್ಟ್ ಮುಗಿಸಿ ಕಳಿಸಿಬಿಡ್ರಿ."

"ಸರ್, ನಾನು ರಜದಲ್ಲಿದೀನಿ. ಮನೇದು ಬೇರೆ, ಆಫೀಸಿಂದು ಬೇರೆ ಅಂತ ಬೆಳಿಗ್ಗೆ ನೀವೇ ಹೇಳಿದ್ರಲ್ಲ?"

"ಹೌದ್ರಿ, ಅದಕ್ಕೇ ಹೇಳಾಕತ್ತೀನಿ. ಆಫೀಸ್ ಪ್ರೊಫೈಲ್‌ನ್ಯಾಗ ಮಾಡ್ರಿ, ಮರೀಬ್ಯಾಡ್ರಿ!"

ಎಂಥ ಶಿಸ್ತು! ನಮ್ಮ ಕಂಪನಿಯಲ್ಲಿ ಖಾಸಗಿ ಬದುಕು ಮಂಜೂರಾಗಿರುವುದು ಬ್ರೌಸರ್‌ಗೆ ಮಾತ್ರ.