ನೂರಡಿ ಹೇಳಿದ ಸಾಕ್ಷಿ

ಸುರಂಗದಲ್ಲಿ ಅವನನ್ನು ಎಲ್ಲರೂ ನೂರಡಿ ಎಂದೇ ಕರೆಯುತ್ತಿದ್ದರು. ಒಂದೇ ಪಾಳಿಯಲ್ಲಿ ನೂರಡಿ ಬಂಡೆ ಕೊರೆಯುವ ಗಂಡು ಆ ಕಡೆ ಇನ್ನೊಬ್ಬನಿರಲಿಲ್ಲ. ಹೊಸ ಕೊರೆಯುವ ಯಂತ್ರ ಬಂದರೆ ಮೊದಲು ಅವನ ಕೈಗೇ. ಹೆಂಡತಿಯ ಹೆಸರು ಮರೆತರೂ ಯಂತ್ರದ ನಂಬರು ಮರೆಯದ ಆಸಾಮಿ.

ಯಂತ್ರದ ಒಳಗುಟ್ಟು ದೊಡ್ಡದೇನಲ್ಲ. ಪೈಪಿನಲ್ಲಿ ನುಗ್ಗಿದ ಒತ್ತಡದ ಗಾಳಿ ಒಳಗಿನ ಪಿಸ್ಟನ್ನನ್ನು ನಿಮಿಷಕ್ಕೆ ಎರಡು ಸಾವಿರ ಸಲ ಹಿಂದೆಮುಂದೆ ಎಸೆಯುತ್ತದೆ. ಅದು ಉಕ್ಕಿನ ಸರಳಿನ ಬುಡಕ್ಕೆ ಗುದ್ದುತ್ತದೆ. ಪ್ರತಿ ಗುದ್ದಿಗೂ ಸರಳು ಚೂರು ತಿರುಗಿ ಬಂಡೆಯ ಹೊಸ ಜಾಗವನ್ನು ಕಚ್ಚುತ್ತದೆ. ಕಲ್ಲುಗಣಿಯಿರಲಿ, ಸುರಂಗವಿರಲಿ, ರಸ್ತೆಗೆಂದು ಗುಡ್ಡ ಸೀಳುವ ಕಡೆಯಿರಲಿ, ಇದೇ ಗುದ್ದು. ಸರಳಿನ ನಡುವಿನ ಟೊಳ್ಳಿನಲ್ಲಿ ನೀರು ಹರಿದು, ಕಲ್ಲುಪುಡಿಯನ್ನು ಕೆಸರು ಮಾಡಿ ಹೊರಗೆ ತಳ್ಳಬೇಕು. ನೂರಡಿಗೆ ಆ ನೀರೇ ಶನಿ. ತೂತು ತೂತಿಗೂ ನೀರಿನ ಪೈಪು ಎಳೆದಾಡುತ್ತ ಕೂತರೆ ನೂರು ಎಲ್ಲಿಂದ ಆಗಬೇಕು? ನಲ್ಲಿ ಮುಚ್ಚಿಬಿಡುತ್ತಿದ್ದ; ಕಲ್ಲುಪುಡಿಯೆಲ್ಲ ಧೂಳಾಗಿ ಮೂಗಿಗೆ ನುಗ್ಗುತ್ತಿತ್ತು.

ತೂತು ಶುರುವಾಗುವಾಗ ಸರಳು ಜಾರದಂತೆ ತುದಿ ಹಿಡಿಯುತ್ತಿದ್ದವನು ನೂರಡಿಯ ಭಾವ, ಅಕ್ಕನ ಗಂಡ. ಬಂಡೆಗೂ ಅವನ ಮೂಗಿಗೂ ಒಂದು ಗೇಣು ಅಂತರ.

"ನಲ್ಲಿ ಬಿಡೋ, ಉಸಿರು ಕಟ್ತಿದೆ."

"ನೀರು ಬೇಕಾದ್ರೆ ಮನೇಲಿ ಕುಡೀರಿ ಭಾವ!"

ಹೀಗೆ ಹನ್ನೊಂದು ವರ್ಷ. ಕೊನೆಗೆ ಭಾವನ ಪುಪ್ಪುಸ ಕಲ್ಲಾಯಿತು. ಕಂಪನಿಯ ಆಸ್ಪತ್ರೆಯಲ್ಲಿ ಹಾಸಿಗೆ, ಆಮ್ಲಜನಕ ಎರಡೂ ಇದ್ದವು. ಆದರೆ ಅವು ಸಿಗಬೇಕಾದರೆ ರೋಗ ಕೆಲಸದಿಂದಲೇ ಬಂತೆಂದು ಸಾಬೀತಾಗಬೇಕಿತ್ತು. ಜೊತೆಗೆ ಕೊರೆದವನು ನೂರಡಿ ಒಬ್ಬನೇ, ಅವನೇ ಸಾಕ್ಷಿ.

"ನೀರು ಇರ್ಲಿಲ್ಲ ಅಂತ ಒಂದು ಮಾತು ಹೇಳಪ್ಪಾ," ಎಂದು ಅಕ್ಕ ಅತ್ತಳು.

"ಹೇಳ್ತೀನಿ ಬಿಡಕ್ಕ," ಅಂದ. ಆಗ ಮನಸ್ಸಿನಲ್ಲೂ ಅದೇ ಇತ್ತು.

ವಿಚಾರಣೆಯ ಕೋಣೆಯಲ್ಲಿ ಸಾಹೇಬರು ಮೊದಲೇ ಹೇಳಿದರು: "ನಲ್ಲಿ ಮುಚ್ಚಿದವನು ಇನ್ಮುಂದೆ ಯಂತ್ರ ಮುಟ್ಟೋ ಹಾಗಿಲ್ಲ."

"ನೀರು ಬಿಟ್ಟೇ ಕೊರೀತಿದ್ವಿ ಸರ್," ನೂರಡಿ ಅಂದುಬಿಟ್ಟ.

ಸಾಹೇಬರು ಭಾವನ ಕಡೆ ತಿರುಗಿದರು. "ನೀವೇನಂತೀರಿ?"

ಭಾವ ಕುರ್ಚಿಯ ಕೈ ಹಿಡಿದು ಎದ್ದ. "ನೀರು..." ಅಂದ. ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ. ಕೆಮ್ಮು ಒತ್ತರಿಸಿ ಬಂತು.

"ನೀರು ಇತ್ತು ಅಂತಿದ್ದಾರೆ ಸರ್," ಎಂದು ನೂರಡಿ ಆ ಮಾತನ್ನು ಪೂರ್ತಿ ಮಾಡಿದ. ಗುಮಾಸ್ತ ಬರೆದುಕೊಂಡ.

ಭಾವ ಅಲ್ಲವೆಂದು ತಲೆಯಾಡಿಸಿದ. ಕೆಮ್ಮಿಗೆ ಮೈಯೆಲ್ಲ ಅಲುಗುತ್ತಿದ್ದುದರಿಂದ ಅದು ಯಾರಿಗೂ ತಿಳಿಯಲಿಲ್ಲ. ನೂರಡಿಯೊಬ್ಬನಿಗೆ ತಿಳಿಯಿತು.