ಓತಿಕ್ಯಾತನಿಗೆ ಯಾವ ಹಣ್ಣು?

ನಾನು ಹಣ್ಣನ್ನು ಸುಲಭಕ್ಕೆ ನಂಬುವವನಲ್ಲ. ಕೊಲ್ಲಿ ನಾಡಿನ ಸಲ್ಮಾಬಾದಿನ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್ ಆಗಿ ಹದಿನೆಂಟು ವರ್ಷ. ಪೆಟ್ಟಿಗೆಯ ಮೇಲೆ ಬರೆದದ್ದೇ ಒಳಗಿರಬೇಕೆಂದೇನಿಲ್ಲ ಎಂದು ಕಲಿತಿದ್ದೇನೆ. ಅಂಗಡಿಯವ 'ಬಹುತ್ ಮೀಠಾ' ಎಂದ ಕೂಡಲೇ ಹಣ್ಣನ್ನು ತಿರುಗಿಸಿ ತಳ ನೋಡುತ್ತೇನೆ.

ಇಂಥವನ ಕೈಗೆ ಮಗಳು ಶ್ರಾವ್ಯ, ರಜೆಗೆಂದು ಉಡುಪಿಗೆ ಹೊರಡುವಾಗ, ತನ್ನ ಬಿಯರ್ಡೆಡ್ ಡ್ರ್ಯಾಗನ್ ಅನ್ನು ಒಪ್ಪಿಸಿದಳು. ಹೆಸರು ಕೇಳಿ ಹೆದರಬೇಡಿ. ನಮ್ಮ ಬೇಲಿಯ ಓತಿಕ್ಯಾತನ ದೂರದ ನೆಂಟ, ಗಡ್ಡ ಉಬ್ಬಿಸುತ್ತಾನೆ, ಅಷ್ಟೆ. ಗಾಜಿನ ಪೆಟ್ಟಿಗೆಯಲ್ಲಿ ಬಿಸಿ ದೀಪದ ಕೆಳಗೆ ಅವನ ವಾಸ. ಅವಳಿಟ್ಟ ಹೆಸರು ಸ್ಪೈಕ್.

"ದಿನಾ ಸೊಪ್ಪು. ಹಣ್ಣು ವಾರಕ್ಕೆ ಒಂದೇ ಪೀಸ್. ಬಟರ್ ಫ್ರೂಟ್ ಕೊಡ್ಲೇಬೇಡಿ, ಪಾಯ್ಸನ್ ಅದು. ಪ್ರಾಮಿಸ್ ಪಪ್ಪಾ?"

ಮಾತು ಕೊಟ್ಟೆ. ಇವನಿಗೇನಾದರೂ ಆದರೆ ಮಗಳಿಗೆ ಮುಖ ತೋರಿಸುವುದು ಹೇಗೆ ಎಂಬ ಭಯ ಅಂದಿನಿಂದಲೇ ಹತ್ತಿಕೊಂಡಿತು.

ಹಣ್ಣುಗಳ ವಿಚಾರಣೆ ಶುರುವಾಯಿತು. ಕಿತ್ತಳೆ, ನಿಂಬೆ ಹುಳಿಯ ಜಾತಿ, ಹೊರಗೆ. ಸೇಬು ಬೀಜ ತೆಗೆದರೆ ಆದೀತು, ಆದರೆ ಅದು ಅಷ್ಟೊಂದು ಹೊಳೆಯುವುದೇಕೆ? ಖರ್ಜೂರ ಈ ನೆಲದ ಮರ್ಯಾದಸ್ಥ, ಆದರೆ ಮೈಯೆಲ್ಲ ಸಕ್ಕರೆ. ಪಪ್ಪಾಯಿ ಅಡ್ಡಿಯಿಲ್ಲವಂತೆ. ಆದರೆ ನಮ್ಮ ಕಡೆ ಅದು ಉಷ್ಣವಲ್ಲವೇ? ನಲವತ್ತು ಡಿಗ್ರಿಯಲ್ಲಿ ಸುಖವಾಗಿ ಕಣ್ಣು ಮುಚ್ಚುವವನಿಗೆ ಉಷ್ಣ ದೋಷವೋ, ವರವೋ? ನರ್ಸ್ ಆಗಿರುವ ಹೆಂಡತಿ ಸುನೀತಾಳನ್ನು ಕೇಳಿದೆ.

"ನನ್ನ ಪೇಶೆಂಟ್‌ಗಳಿಗೆ ಬಾಲ ಇರುದಿಲ್ಲ ಮಾರಾಯ್ರೆ" ಎಂದಳು.

ಮೂರನೆಯ ವಾರ ಸ್ಪೈಕ್ ಸೊಪ್ಪಿನಿಂದ ಮುಖ ತಿರುಗಿಸಿದ. ಮೊದಲು ಸೊಪ್ಪನ್ನು ಅನುಮಾನಿಸಿ ಅಂಗಡಿ ಬದಲಿಸಿದೆ. ಆಮೇಲೆ ದೀಪವನ್ನು. ಕೊನೆಗೆ, ಹೇಳಲು ನಾಚಿಕೆ, ಹೆಂಡತಿಯನ್ನು. ಫ್ರಿಜ್ಜಿನಲ್ಲಿ ಹೆಚ್ಚಿಟ್ಟ ಮಾವು ದಿನದಿನಕ್ಕೆ ಕಡಿಮೆಯಾಗುತ್ತಿತ್ತು.

"ನೀನು ಕೊಡ್ತಾ ಇದ್ದೀಯಾ?"

"ನಾನೆಂತಕ್ಕೆ ಕೊಡ್ಲಿ? ನಿಮ್ಮ ಪಪ್ಪಾಯಿ ಎಲ್ಲಿಗೆ ಹೋಗ್ತಾ ಉಂಟು?"

ನಾನು ಮಾತು ಬದಲಿಸಿದೆ.

ಶುಕ್ರವಾರ ಪ್ರಾಣಿವೈದ್ಯರ ಬಳಿ ಒಯ್ದೆವು. ಹಣ್ಣು ಎಷ್ಟು ಕೊಡುತ್ತೀರಿ ಎಂದು ಅವರು ಕೇಳಿದಾಗ, "ವಾರಕ್ಕೊಮ್ಮೆ" ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು. ಅದೇ ಹೊತ್ತಿಗೆ ಸ್ಪೈಕ್ ಮೇಜಿನ ಮೇಲೆ ತನ್ನ ಸಾಕ್ಷಿ ನುಡಿದ. ನೀರುನೀರು, ಕೇಸರಿ ಬಣ್ಣ.

ನಿಜ ಒಪ್ಪಿಕೊಳ್ಳಬೇಕಾಯಿತು. ತಟ್ಟೆ ಮುಟ್ಟದೆ ಕೂತವರನ್ನು ಹಾಗೇ ಬಿಟ್ಟು ಹೊಸ್ತಿಲು ದಾಟುವ ಅಭ್ಯಾಸ ನಮ್ಮ ಮನೆಗಳಲ್ಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ನಾನು "ಸ್ವಲ್ಪ ತಿನ್ನು" ಎಂದು ಪಪ್ಪಾಯಿ ಕೊಡುತ್ತಿದ್ದೆ. ಡ್ಯೂಟಿ ಮುಗಿಸಿ ಬಂದು ಅವಳು ಮಾವು. ಸಿಹಿ ಹತ್ತಿದವನಿಗೆ ಸೊಪ್ಪು ಯಾಕೆ ಬೇಕು? ಕೆಲವು ವಾರ ಹಣ್ಣು ಬಂದ್ ಎಂದರು ವೈದ್ಯರು. ಜೀವಕ್ಕೆ ಅಪಾಯವಿಲ್ಲ ಎಂದೂ ಹೇಳಿದರು.

ಸಂಜೆ ಮಗಳು ವಿಡಿಯೋ ಕಾಲ್ ಮಾಡಿದಳು. ಎಲ್ಲ ಹೇಳಿಬಿಟ್ಟೆ.

"ಬಟ್ ವೈ, ಪಪ್ಪಾ?"

"ನೀನಿಲ್ಲ. ತಿನ್ನು ತಿನ್ನು ಅಂತ ಹೇಳ್ಲಿಕ್ಕೆ ಮನೆಯಲ್ಲಿ ಬೇರೆ ಯಾರಿದ್ದಾರೆ ಮಗಾ?" ಎಂದಳು ಸುನೀತಾ, ನನಗಿಂತ ಮೊದಲು.

"ಹಾಗಾದ್ರೆ ನಾನು ಬರುವವರೆಗೆ ನೀವಿಬ್ರೂ ಒಬ್ರಿಗೊಬ್ರು ಹೇಳಿ" ಎಂದಳು ಮಗಳು.

ಮರುದಿನ ಬೆಳಿಗ್ಗೆ ನನ್ನ ಚಹಾದ ಪಕ್ಕ ಹೆಚ್ಚಿದ ಮಾವಿನಹಣ್ಣು ಇತ್ತು. ಹದಿನೇಳು ವರ್ಷದ ಸಂಸಾರದಲ್ಲಿ ಇದು ಅಪರೂಪ. ಏನು ಕಾರ್ಯವಿದ್ದೀತೋ ಎಂದು ಒಮ್ಮೆ ಅವಳ ಮುಖ ನೋಡಿ, ಅಷ್ಟನ್ನೂ ತಿಂದೆ.